ಅಲುಗದ ಮುಳ್ಳು

ಮುಖ ತೊಳೆದು ನಲ್ಲಿ ಮುಚ್ಚುವಾಗ, ತಲೆಗಿಂತ ಮೊದಲು ಅವನ ಅಂಗೈಗೆ ನೆನಪಾಯಿತು. ಹೆಬ್ಬೆರಳಿನ ಬುಡದಲ್ಲಿ ಹಿತ್ತಾಳೆಯ ಪುಟ್ಟ ಹಿಡಿಯೊಂದು ಒತ್ತಿಕೊಂಡು, ಸ್ವಲ್ಪ ತಿರುಗಿ, ಇನ್ನು ಆಗುವುದಿಲ್ಲ ಎಂದು ನಿಂತುಬಿಟ್ಟ ಹಾಗೆ. ಈ ಬಚ್ಚಲಿನ ನಲ್ಲಿಯದು ಪ್ಲಾಸ್ಟಿಕ್ ಹಿಡಿ, ದುಂಡಗೆ ನುಣ್ಣಗೆ ಇದೆ. ಹಿತ್ತಾಳೆಯದನ್ನು ಎಲ್ಲಿ ಮುಟ್ಟಿದ್ದೆ ಎಂದು ಕನ್ನಡಿಯಲ್ಲಿದ್ದ ಮುಖವನ್ನೇ ಕೇಳುವವನಂತೆ ನೋಡಿದ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. "ರೀ, ಮತ್ತೆ ಆ ನಲ್ಲಿ ಕುತ್ತಿಗೆ ಹಿಸುಕ್ತಿದೀರಾ?" ಎಂದು ಹೊರಗಿನಿಂದ ಹೆಂಡತಿ ಕೂಗಿದಳು. "ನೀವು ಮುಚ್ಚಿದ್ಮೇಲೆ ತೆಗೆಯೋಕೆ ಪೈಲ್ವಾನರನ್ನ ಕರೆಸ್ಬೇಕಾಗತ್ತೆ." ಅವಳು ದಿನಾ ಹೇಳುವ ಮಾತು ಅದು; ಹೇಳದಿದ್ದರೆ ಬೆಳಗಾದಂತೆ ಅನಿಸುವುದಿಲ್ಲ. ಅವನು ಕಂಡ ನಲ್ಲಿಯನ್ನೆಲ್ಲ ಬಿಗಿಮಾಡುತ್ತಾನೆ. ಬಸ್ ನಿಲ್ದಾಣದ್ದು, ಆಸ್ಪತ್ರೆಯದು, ಮದುವೆ ಮನೆಯಲ್ಲಿ ಕೈ ತೊಳೆಯುವ ಸಾಲಿನದು. ಮಾವನ ಹೆಣ ಅಂಗಳದಲ್ಲಿದ್ದಾಗ ಹಿತ್ತಲಿಗೆ ಹೋಗಿ ತೊಟ್ಟಿಕ್ಕುತ್ತಿದ್ದ ನಲ್ಲಿ ಮುಚ್ಚಿ ಬಂದಿದ್ದನ್ನು ಭಾವಮೈದುನ ಇವತ್ತಿಗೂ ಆಡಿಕೊಂಡು ನಗುತ್ತಾನೆ. ಅವನು ಟವೆಲಿನಲ್ಲಿ ಮುಖ ಒತ್ತಿಕೊಂಡ. ಆ ಮೆತ್ತನೆಯ ಕತ್ತಲೆಯಲ್ಲಿ ಹಿತ್ತಾಳೆಯ ಹಿಡಿ ಎಲ್ಲಿಯದೆಂದು ಗೊತ್ತಾಯಿತು. ಮೊನ್ನೆ, ಅಕ್ಕನ ಬೀದಿಯಲ್ಲಿ, ಗೇಜಿನ ಕೆಳಗಿನ ಕಾಕ್.

ಅವನ ಕೆಲಸ ನೋಡುವುದು. ಪೈಪು ಹಾಕುವವರು ಬೇರೆ, ನಕ್ಷೆ ಬರೆಯುವವರು ಬೇರೆ. ಜನರ ದುಡ್ಡು ಪೈಪಾಗಿ ಮಣ್ಣಿನೊಳಗೆ ಹೋಗುವ ಮುಂಚೆ ಅದನ್ನು ಕೊನೆಯ ಸಲ ಕಣ್ಣಾರೆ ನೋಡಿ, ಸರಿಯಿದೆ ಎಂದು ಸಹಿ ಹಾಕುವವನು ಅವನು. ಅವನು ಸರಿಯಿದೆ ಎಂದ ಮೇಲೆ ಮಣ್ಣು, ಮಣ್ಣಿನ ಮೇಲೆ ಜಲ್ಲಿ, ಜಲ್ಲಿಯ ಮೇಲೆ ಡಾಂಬರು. ಆಮೇಲೆ ಯಾರಿಗೂ ಏನೂ ಕಾಣುವುದಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವನು ಮೊನ್ನೆಯ ದಿನವನ್ನು ಮತ್ತೆ ಮತ್ತೆ ನಡೆಸಿದ. ಹೊಸ ಕುಡಿಯುವ ನೀರಿನ ಪೈಪಿನ ಎರಡೂ ತುದಿ ಮುಚ್ಚಿ, ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿದ್ದರು. ಒತ್ತಡ ತೋರಿಸುವ ಗೇಜಿನ ಮುಳ್ಳು ಏರಿ ನಿಂತಿತ್ತು. ಇನ್ನು ಅದನ್ನು ನೋಡುತ್ತ ಕೂರುವುದಷ್ಟೇ ಕೆಲಸ. ಪೈಪು ಎಲ್ಲಾದರೂ ಸೋರುತ್ತಿದ್ದರೆ ಮುಳ್ಳು ಇಳಿಯುತ್ತದೆ. ಗೇಜಿಗೂ ಪೈಪಿಗೂ ನಡುವೆ ನಲ್ಲಿಯಂಥ ಒಂದು ಪುಟ್ಟ ಹಿತ್ತಾಳೆಯ ಕಾಕ್ ಇರುತ್ತದೆ. ಅದು ತೆರೆದಿದ್ದರೆ ಪೈಪಿನ ಸುದ್ದಿ ಗೇಜಿಗೆ ತಲುಪುತ್ತದೆ. ಮುಚ್ಚಿದರೆ, ಮುಚ್ಚಿದ ಗಳಿಗೆಯ ಒತ್ತಡವನ್ನೇ ತೋರಿಸುತ್ತ ಮುಳ್ಳು ನಿಂತಿರುತ್ತದೆ; ಕೆಳಗೆ ಪೈಪು ಬಾಯಿಬಿಟ್ಟು ಹರಿದರೂ ಅದಕ್ಕೆ ಗೊತ್ತಾಗುವುದಿಲ್ಲ. ಮೊನ್ನೆ ಆ ಕಾಕಿನ ಹಿಡಿಯ ಮೇಲೆ ಒಂದು ಹನಿ ಇತ್ತು. ಪಂಪಿನಿಂದ ಸಿಡಿದ ಹನಿಯೇ ಇರಬೇಕು. ಅವನು ಬಗ್ಗಿ ಅದನ್ನು ಬೆರಳಿನಿಂದ ಒರೆಸಿದ. ಒರೆಸಿದ ಮೇಲೆ? ಒರೆಸಿದ ಮೇಲೆ ಕೈ ಏನು ಮಾಡಿತು?

ಏನೂ ಮಾಡಿರಲಿಕ್ಕಿಲ್ಲ. ಹೀಗೆ ಅಂದುಕೊಂಡಾಗ ಬಸ್ಸು ಒಂದು ತಿರುವು ತೆಗೆದುಕೊಂಡಿತು. ಬಿಸಿಲು ಅವನ ತೊಡೆಯ ಮೇಲೆ ಬಂದು ಕೂತಿತು. ಮುಳ್ಳು ಅಲುಗಿರಲೇ ಇಲ್ಲ. ಅದೇ ಅವನನ್ನು ಈಗ ಚುಚ್ಚುತ್ತಿದ್ದದ್ದು. ಎಷ್ಟೇ ಒಳ್ಳೆಯ ಪೈಪಾದರೂ ಮೊದಲಿಗೆ ಮುಳ್ಳು ಒಂದು ಎಳೆಯಷ್ಟಾದರೂ ಇಳಿಯುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ, ಬಿಗಿಯಾಗುವ ಕೀಲು, ಏನೋ ಒಂದು. ಅದಕ್ಕೆಂದೇ ಒಂದಿಷ್ಟು ಇಳಿದರೂ ಪರವಾಗಿಲ್ಲ ಎಂಬ ನಿಯಮವಿದೆ. ಮೊನ್ನೆ ಮಾತ್ರ ಗೋಡೆಗೆ ಬರೆದ ಚಿತ್ರದ ಹಾಗೆ ನಿಂತಿತ್ತು. ಫಿಟ್ಟರು ಅದನ್ನು ನೋಡಿ, "ಸಾರ್, ನಮ್ಮ ಮಾವನ ಮನಸ್ಸಿದ್ದ ಹಾಗಿದೆ, ಏನು ಮಾಡಿದ್ರೂ ಅಲುಗಲ್ಲ," ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ನಗುತ್ತಲೇ ಒಂದು ಮಾತು ಅವನ ಗಂಟಲಿಗೆ ಬಂದಿತ್ತು, ಇನ್ನೊಂದ್ಸಲ ಮಾಡೋಣ. ಅದನ್ನು ನುಂಗಿಕೊಂಡು ಸಹಿ ಹಾಕಿದ್ದ.

ಇಲಾಖೆಯಲ್ಲಿ ಅವನಿಗೆ ಇಟ್ಟ ಹೆಸರೇ 'ಇನ್ನೊಂದ್ಸಲ'. ಎದುರಿಗೆ ಯಾರೂ ಕರೆಯುವುದಿಲ್ಲ, ಆದರೆ ಅವನು ಒಳಗೆ ಬಂದರೆ ಯಾರಾದರೊಬ್ಬರು ಟೀ ತರುವವನಿಗೆ "ಇನ್ನೊಂದ್ಸಲ ಬಂತಪ್ಪಾ" ಎನ್ನುತ್ತಾರೆ. ಹಗಲು ಗುಮಾಸ್ತಿಕೆ ಮಾಡುತ್ತ ಸಂಜೆ ಕಾಲೇಜಿನಲ್ಲಿ ಓದಿ ಎಂಜಿನಿಯರಾದವನು ಅವನು. ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ ಮೇಷ್ಟರು ಬೋರ್ಡಿನ ಜೊತೆಯಲ್ಲೇ ಮಾತಾಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಅರ್ಧ ತರಗತಿ ತೂಕಡಿಸುತ್ತಿತ್ತು. ಎಲ್ಲಾದರೂ ತಾನು ತೂಕಡಿಸಿದ ಹೊತ್ತಿನಲ್ಲೇ ಮುಖ್ಯವಾದದ್ದೇನನ್ನೋ ಹೇಳಿಬಿಟ್ಟಿದ್ದಾರೆ, ಹಗಲು ಓದಿದವರಿಗೆಲ್ಲ ಅದು ಗೊತ್ತಿದೆ, ತನಗೊಬ್ಬನಿಗೆ ಗೊತ್ತಿಲ್ಲ ಎಂಬ ಭಯ ಅವನನ್ನು ಬಿಟ್ಟಿಲ್ಲ. ಹಾಗಾಗಿ ಎಲ್ಲವನ್ನೂ ಎರಡು ಸಲ ನೋಡುತ್ತಾನೆ. ಹೋದ ತಿಂಗಳು ಕೊಳಚೆ ನೀರಿನ ಪಂಪ್‌ಹೌಸಿನ ಬಾವಿಯ ಗೋಡೆಯಲ್ಲಿ ಬಿರುಕು ಕಂಡು, ಕೆಲಸ ನಿಲ್ಲಿಸಿ, ಬಾವಿಯನ್ನು ಪೂರ್ತಿ ಖಾಲಿ ಮಾಡಿಸಿದ್ದ. ಇಳಿದು ನೋಡಿದರೆ ಅದು ಗಾರೆಯವನು ಕರಣೆ ಎಳೆದ ಗೆರೆ. ವಾರದ ಸಭೆಯಲ್ಲಿ ಹಿರಿಯ ಎಂಜಿನಿಯರ್ ಎಲ್ಲರ ಮುಂದೆ, "ಏನ್ರೀ, ಅಂಗೈ ಮೇಲಿನ ಗೆರೆ ನೋಡ್ಕೊಂಡ್ರಾ ಇವತ್ತು? ಅದೂ ಬಿರುಕು ಬಿಟ್ಟಿದೆಯೇನೋ," ಎಂದಿದ್ದರು. ನಗು ತಣ್ಣಗಾಗುವವರೆಗೂ ಅವನು ಮೇಜಿನ ಮೇಲಿನ ನೀರಿನ ಲೋಟವನ್ನು ನೋಡುತ್ತಿದ್ದ. ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು.

ಕಚೇರಿಗೆ ಕಾಲಿಟ್ಟಾಗ ಎದುರಿನ ಗೋಡೆಯ ದೊಡ್ಡ ನಕ್ಷೆಯ ಮುಂದೆ ನಕ್ಷೆಗಾರ್ತಿ ಸ್ಟೂಲು ಹತ್ತಿ ನಿಂತಿದ್ದಳು. ಮುಗಿದ ಪೈಪುಗಳಿಗೆ ನೀಲಿ, ಮುಗಿಯದವಕ್ಕೆ ಚುಕ್ಕಿ. ಅವಳು ಅಕ್ಕನ ಬೀದಿಯ ಚುಕ್ಕಿಗಳನ್ನು ಸ್ಕೆಚ್ ಪೆನ್ನಿನಿಂದ ಕೂಡಿಸುತ್ತಿದ್ದಳು. "ನಿಮ್ದೇ ಸಾರ್, ಮೊದಲನೇ ಸಲ ಒಂದೇ ಏಟಿಗೆ ನೀಲಿ ಆಗ್ತಿರೋದು," ಎಂದಳು. ನಕ್ಷೆಯಲ್ಲಿ ಬೀದಿ ಬೆರಳಷ್ಟು ಉದ್ದವಿತ್ತು. ಆ ನೀಲಿಯ ಪಕ್ಕಕ್ಕೆ, ತಾಗಿದಂತೆಯೇ, ಕಂದು ಬಣ್ಣದ ಹಳೆಯ ಒಳಚರಂಡಿ. ಅದು ಕೀಲು ಕೀಲಿನಲ್ಲಿ ಸೋರುತ್ತದೆಂದು ಎಲ್ಲರಿಗೂ ಗೊತ್ತು. ಅದನ್ನು ಬದಲಿಸುವುದು ಮುಂದಿನ ಹಂತದ ಕೆಲಸ. ನಲ್ಲಿಯಲ್ಲಿ ನೀರು ಬರುವುದು ಬೆಳಗ್ಗೆ ಸ್ವಲ್ಪ ಹೊತ್ತು. ಬಂದಾಗ ಪೈಪಿನೊಳಗೆ ಒತ್ತಡವಿರುತ್ತದೆ, ಸೋರಿದರೆ ಹೊರಗೆ ಸೋರುತ್ತದೆ. ನಿಲ್ಲಿಸಿದ ಮೇಲೆ ಖಾಲಿ ಪೈಪು ಸುತ್ತಲಿದ್ದದ್ದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಾರನೆಯ ಬೆಳಗ್ಗೆ ಮೊದಲ ಬಿಂದಿಗೆಯಲ್ಲಿ ಅದೇ ಬರುತ್ತದೆ. ಈಗ ಟ್ಯಾಂಕರಿನಿಂದ ಹಿಡಿಯುವಾಗಲೂ ಮೊದಲ ಬಿಂದಿಗೆ ಅಕ್ಕನದೇ. ಬೀದಿಯಲ್ಲಿ ಎಲ್ಲರಿಗಿಂತ ಮುಂಚೆ ಏಳುವವಳು ಅವಳು. ನಕ್ಷೆಗಾರ್ತಿ ಪೆನ್ನಿನ ಮುಚ್ಚಳವನ್ನು ಟಕ್ಕೆಂದು ಹಾಕಿದಳು. ಆ ಸದ್ದಿಗೆ ಅವನ ಅಂಗೈ ಮತ್ತೆ ಬಿಗಿಯಿತು.

ಹಿರಿಯ ಎಂಜಿನಿಯರ್ ತಮ್ಮ ಕೋಣೆಯ ಬಾಗಿಲಿನಿಂದಲೇ, "ಬನ್ರೀ, ಬನ್ನಿ. ಕೇಳಿದೆ. ಒಂದೇ ಸಲಕ್ಕೆ ಪಾಸ್ ಮಾಡಿದ್ರಂತೆ! ಮನೆಯಲ್ಲಿ ಎಲ್ಲ ಹುಷಾರಾಗಿದಾರಾ?" ಎಂದು ಭುಜ ತಟ್ಟಿದರು. ಒಳ್ಳೆಯ ಮನುಷ್ಯ, ಭುಜ ತಟ್ಟಿದಾಗ ನಿಜವಾಗಿ ಬೆಚ್ಚಗಾಗುತ್ತದೆ. "ಇವತ್ತು ಮಣ್ಣು ಮುಚ್ಚಿ, ಸಂಜೆಗೆ ಡಾಂಬರು, ನಾಳೆ ಬೆಳಗ್ಗೆ ನೀರು. ನಿಮ್ಮ ಅಕ್ಕ ಅಲ್ಲೇ ಇರೋದಲ್ವಾ? ಹೇಳಿ ಅವರಿಗೆ, ಬಿಂದಿಗೆ ತೊಳೆದಿಟ್ಕೊಳ್ಳಿ ಅಂತ." ಅವನು ಆಗಲಿ ಸಾರ್ ಎಂದ. ಕಾಕ್ ಎಂಬ ಪದ ನಾಲಗೆಯ ತುದಿಯವರೆಗೆ ಬಂದಿತ್ತು. ಭುಜದ ಮೇಲಿನ ಬೆಚ್ಚನೆ ಆರಿಹೋಗುವುದು ಅವನಿಗೆ ಬೇಕಿರಲಿಲ್ಲ, ಅಷ್ಟೆ. ತನ್ನ ಕುರ್ಚಿಗೆ ಬಂದು ಸೈಟಿನ ಎಂಜಿನಿಯರಿಗೆ ಫೋನು ಮಾಡಿದ. ಆ ಕಡೆ ಜೆಸಿಬಿಯ ಗರ್ಜನೆ ಕೇಳುತ್ತಿತ್ತು. "ಸಾರ್, ಹೇಳಿ ಸಾರ್! ಮಣ್ಣು ಎಳೀತಿದೀವಿ. ನಿಮ್ಮ ಅಕ್ಕ ಎಲ್ಲರಿಗೂ ಟೀ ಕೊಟ್ರು. ಡ್ರೈವರಿಗೆ ಎರಡು ಲೋಟ!" ಅವನು, "ಅದೇ... ಗೇಜು ಬಿಚ್ಚಿದಾಗ..." ಎಂದ. "ಏನು ಸಾರ್? ಕೇಳಿಸ್ಲಿಲ್ಲ." "ಏನಿಲ್ಲ, ಸುಮ್ನೆ ಮಾಡಿದೆ." ಫೋನು ಇಟ್ಟ ಮೇಲೆ, ಸುಮ್ನೆ ಎಂಬ ಮಾತು ಅವನ ಬಾಯಲ್ಲಿ ಕಹಿಯಾಗಿ ಉಳಿಯಿತು. ಇದು ಕೂಡ ಕರಣೆಯ ಗೆರೆಯೇ ಇರಬಹುದು. ಮನೆಯ ಬೀಗ ಹಾಕಿ ಅರ್ಧ ದಾರಿಯಿಂದ ತಿರುಗಿ ಬಂದು ಎಳೆದು ನೋಡಿದಾಗಲೆಲ್ಲ ಬೀಗ ಹಾಕಿಯೇ ಇರುತ್ತದೆ. ಅವನ ಅನುಮಾನ ಎಂದಾದರೂ ನಿಜವಾಗಿದೆಯೇ? ಹಾಗಾದರೆ ಈ ಸಲದ್ದನ್ನು ನಂಬುವುದು ಹೇಗೆ? ನಂಬದೆ ಇರುವುದು ಹೇಗೆ? ಅವನು ಕುರ್ಚಿಯ ಕೈಯನ್ನು ಹಿಡಿದು ಮೆಲ್ಲಗೆ ತಿರುಚಿ ನೋಡಿದ. ಕೈ ಮಣಿಕಟ್ಟಿನವರೆಗೆ ತಾನಾಗಿಯೇ, ಯಾರನ್ನೂ ಕೇಳದೆ, ಬಲಕ್ಕೆ ತಿರುಗಿತು.

ಆಟೋದಲ್ಲಿ ಕೂತಾಗ ಏನು ಹೇಳಬೇಕೆಂದು ಜೋಡಿಸಿಕೊಂಡ. ಇಳಿದಾಗ ಎಲ್ಲ ಮರೆತುಹೋಯಿತು. ಬೀದಿಯ ಮುಕ್ಕಾಲು ಭಾಗದ ಕಂದಕ ಇನ್ನೂ ತೆರೆದಿತ್ತು. ಜೆಸಿಬಿ ಆ ತುದಿಯಿಂದ ಮಣ್ಣನ್ನು ತಳ್ಳುತ್ತ ಬರುತ್ತಿತ್ತು, ಮಗುವಿಗೆ ಹೊದಿಕೆ ಹೊದಿಸುವ ಹಾಗೆ ನಿಧಾನವಾಗಿ. ಡಾಂಬರಿನ ಲಾರಿ ಮೂಲೆಯಲ್ಲಿ ಹೊಗೆಯಾಡುತ್ತ ನಿಂತಿತ್ತು. ಸೈಟಿನ ಎಂಜಿನಿಯರ್, ಹಳದಿ ಹೆಲ್ಮೆಟ್ಟಿನ ಚಿಕ್ಕ ವಯಸ್ಸಿನವನು, ನಗುತ್ತ ಎದುರು ಬಂದ. ಅವನು, "ನಿಲ್ಲಿಸಿ," ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಕೈಯೆತ್ತಿದ. ಜೆಸಿಬಿ ಒಮ್ಮೆ ಕೆಮ್ಮಿ ನಿಂತಿತು. ಆ ಮೌನದಲ್ಲಿ ಬೀದಿಯ ಬಾಗಿಲುಗಳಿಂದ ಒಂದೊಂದೇ ತಲೆ ಹೊರಬಂತು.

"ಇನ್ನೊಂದು ಸಲ ಟೆಸ್ಟ್ ಮಾಡ್ಬೇಕು," ಎಂದ.

ಎಂಜಿನಿಯರ್ ಮೊದಲು ನಕ್ಕ, ತಮಾಷೆಯೆಂದುಕೊಂಡು. ಆಮೇಲೆ ಅವನ ಮುಖ ನೋಡಿ ನಗುವನ್ನು ಅರ್ಧಕ್ಕೇ ಮಡಿಸಿಟ್ಟ. "ಸಾರ್, ಸೈನ್ ಆಗಿದೆಯಲ್ಲ. ಯಾಕೆ?"

"ಮೊನ್ನೆ ಗೇಜಿನ ಕಾಕ್ ಮುಚ್ಚಿತ್ತು ಅನ್ಸತ್ತೆ."

"ಮುಚ್ಚಿತ್ತಾ?" ಎಂಜಿನಿಯರ್ ತಟ್ಟನೆ ಫಿಟ್ಟರಿನ ಕಡೆ ತಿರುಗಿದ. ಫಿಟ್ಟರು ಕಂದಕದ ಅಂಚಿನಲ್ಲಿ ಕಾಲು ಇಳಿಬಿಟ್ಟು ಅಕ್ಕ ಕೊಟ್ಟ ಟೀ ಕುಡಿಯುತ್ತಿದ್ದ. "ಲೋ, ಕಾಕ್ ಮುಚ್ಚಿದ್ಯೇನೋ? ನಿಂಗೆ ಎಷ್ಟು ಸಲ ಹೇಳಿದೀನಿ? ಗೇಜು ಬಿಚ್ಚಿದ್ಯಲ್ಲ, ಆಗ ಹೇಗಿತ್ತು ಹೇಳು!" ಫಿಟ್ಟರು ಲೋಟವನ್ನು ಮಣ್ಣಿನ ಮೇಲಿಟ್ಟು ಎದ್ದ. "ಸಾರ್, ನನ್ನ ಮಕ್ಕಳಾಣೆ ನಾನು ಮುಟ್ಟಿಲ್ಲ. ಬಿಚ್ಚುವಾಗ ಹೇಗಿತ್ತೋ, ಕಾಕ್ ಸಮೇತ ಬಿಚ್ಚಿ ಚೀಲಕ್ಕೆ ಹಾಕ್ದೆ. ನಾನ್ಯಾಕೆ ಮುಚ್ಚಲಿ?" "ನೀನಲ್ಲದೆ ಇನ್ಯಾರು, ನಿಮ್ಮ ಮಾವನಾ?" ಮೊನ್ನೆ ನಕ್ಕವರೇ ಈಗಲೂ ನಕ್ಕರು. ಅವನು ಸುಮ್ಮನೆ ನಿಂತಿದ್ದ. ಒಂದು ಉಸಿರು, ಎರಡು ಉಸಿರು. ಹೀಗೇ ನಿಂತರೆ ಎಲ್ಲ ಸಲೀಸಾಗಿ ಮುಗಿಯುತ್ತದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಟೆಸ್ಟೂ ಆಗುತ್ತದೆ, ಅವನು ಎಚ್ಚರದ ಮನುಷ್ಯನೂ ಆಗುತ್ತಾನೆ. ಫಿಟ್ಟರಿನ ಮೇಲ್ತುಟಿಯ ಮೇಲೆ ಟೀಯ ಕೆನೆ ಅಂಟಿತ್ತು. ಬೈಸಿಕೊಳ್ಳುವಾಗ ಅದನ್ನು ಒರೆಸಿಕೊಳ್ಳಬಹುದೋ ಬಾರದೋ ತಿಳಿಯದೆ ಅವನು ಹಾಗೇ ಬಿಟ್ಟಿದ್ದ. ಆ ಕೆನೆಯನ್ನು ಇವನಿಂದ ನೋಡಲಾಗಲಿಲ್ಲ.

"ಅವನಲ್ಲ. ನಾನೇ ಮುಚ್ಚಿದ್ದು," ಎಂದ. "ಹನಿ ಇತ್ತು. ಒರೆಸಿದೆ. ಕೈ... ಅಭ್ಯಾಸ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಂಜಿನಿಯರ್ ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡು, ಡಾಂಬರಿನ ಲಾರಿಯ ಕಡೆ ನೋಡಿ, ಮತ್ತೆ ಹಾಕಿಕೊಂಡ. "ಖಂಡಿತ ಮುಚ್ಚಿದ್ರಾ ಸಾರ್, ಇಲ್ಲ ಬರೀ ಅನ್ಸತ್ತಾ?" ಅವನು ತನ್ನ ಅಂಗೈ ನೋಡಿಕೊಂಡ. "ಅನ್ಸತ್ತೆ," ಎಂದ. ಎಂಜಿನಿಯರ್ ದೂರ ಹೋಗಿ ಫೋನಿನಲ್ಲಿ ಮಾತಾಡಿ ಬಂದು, ಫೋನನ್ನೇ ಅವನ ಕೈಗಿತ್ತ. ಹಿರಿಯ ಎಂಜಿನಿಯರ್ ದನಿ ಏರಿಸಲಿಲ್ಲ. "ಮಾಡಿಸಿ. ನಿಮ್ಮ ಮಾತು ಬಂದ್ಮೇಲೆ ಮಾಡಿಸ್ದೆ ಇರೋಕಾಗತ್ತಾ? ನಾಳೆ ನೀರು ಬಿಡಲ್ಲ ಅಂತ ಹೇಳ್ತೀನಿ. ನೀವು ನಾಳೆ ನನ್ನ ರೂಮಿಗೆ ಬನ್ನಿ." ಭುಜ ತಣ್ಣಗಾಯಿತು.

ಫಿಟ್ಟರು ಚೀಲದಿಂದ ಗೇಜು ತೆಗೆದು ಕೂರಿಸಿದ. ಕಾಕನ್ನು ಎಲ್ಲರಿಗೂ ಕಾಣುವ ಹಾಗೆ ಪೂರ್ತಿ ತೆರೆದು, "ಸಾರ್, ನೀವು ಕೈ ಕಟ್ಕೊಂಡು ನಿಂತ್ಕೊಳ್ಳಿ," ಎಂದ. ಕೊಂಕಿರಲಿಲ್ಲ, ಇದ್ದರೂ ಅದಕ್ಕೆ ಫಿಟ್ಟರಿಗೆ ಹಕ್ಕಿತ್ತು. ಅವನು ನಿಜವಾಗಿಯೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಪಂಪು ಕಿರುಗುಟ್ಟಿತು, ಮುಳ್ಳು ಏರಿತು, ನಿಂತಿತು. ಬೀದಿಯವರು ಬಂದು ಸುತ್ತ ನೆರೆದರು. ಅಕ್ಕ ಬಂದಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಅವನ ಸಂಜೆ ಕಾಲೇಜಿನ ದಿನಗಳಲ್ಲಿ ಊಟ ಮುಚ್ಚಿಟ್ಟು, ಅವನು ಬರುವವರೆಗೂ ತಾನೂ ಉಣ್ಣದೆ ಗೋಡೆಗೊರಗಿ ತೂಕಡಿಸುತ್ತಿದ್ದವಳು. ಈ ಪೈಪಿನ ಕೆಲಸ ಶುರುವಾದಾಗಿನಿಂದ ಬೀದಿಗೆಲ್ಲ, "ನನ್ನ ತಮ್ಮ ನೀರು ತರ್ತಿದಾನೆ," ಎಂದು ಹೇಳಿಕೊಂಡು ಬಂದವಳು, ಅವನೇ ಗಂಗೆಯನ್ನು ತಲೆ ಮೇಲೆ ಹೊತ್ತವನ ಹಾಗೆ. ಪಕ್ಕದ ಮನೆಯಾಕೆ, "ಏನಕ್ಕಾ, ನಿಮ್ಮ ತಮ್ಮನೇ ನಿಲ್ಲಿಸಿದ್ರಂತೆ?" ಎಂದಳು. ಅಕ್ಕ, "ಅವನಿಗೆ ಗೊತ್ತು ಬಿಡೇ," ಎಂದಳು. ಆದರೆ ಅವನ ಮುಖವನ್ನು ನೋಡಲಿಲ್ಲ.

ಮುಳ್ಳು ಇಳಿಯಿತು.

ಸ್ಪಷ್ಟವಾಗಿ, ಒಂದು ಗೆರೆಯಿಂದ ಇನ್ನೊಂದು ಗೆರೆಯ ಕಡೆಗೆ. ಫಿಟ್ಟರು ಮೊಣಕಾಲೂರಿ ಹತ್ತಿರ ಬಗ್ಗಿದ. ಅವನ ಎದೆಯೊಳಗೆ ಏನೋ ಹಾರಿತು. ಕಾಕ್ ಮುಚ್ಚಿದ್ದು ನಿಜ. ಮೊನ್ನೆ ಸತ್ತಂತಿದ್ದ ಮುಳ್ಳು ಇವತ್ತು ಬದುಕಿದೆ. ಇಳಿ, ಎಂದ ಒಳಗೊಳಗೇ, ಇನ್ನೂ ಇಳಿ. ಸಭೆಯ ಮೇಜು ಕಾಣಿಸಿತು, ತುಟಿಯ ಗುರುತಿದ್ದ ಲೋಟ ಕಾಣಿಸಿತು, ಹಿರಿಯ ಎಂಜಿನಿಯರ್ ಎದ್ದು ನಿಂತು ಏನನ್ನೋ ಹೇಳುತ್ತಿದ್ದರು, ಎಲ್ಲರೂ ಅವನ ಕಡೆ ತಿರುಗಿದ್ದರು. ಮುಳ್ಳು ಇನ್ನೊಂದು ಎಳೆ ಇಳಿಯಿತು. ಅಷ್ಟರಲ್ಲಿ ಪಕ್ಕದಲ್ಲಿ ಅಕ್ಕನ ದನಿ ಕೇಳಿತು, ಬೀದಿಗೆ ಕೇಳಿಸದಷ್ಟು ಮೆಲ್ಲಗೆ: "ಇಳಿದ್ರೆ ಒಳ್ಳೇದೇನೋ?"

ಅವನು ತಿರುಗಿ ನೋಡಿದ. ಅವಳು ಅವನ ಮುಖದಲ್ಲಿದ್ದದ್ದನ್ನು ನೋಡಿ, ಅದನ್ನು ಒಳ್ಳೆಯ ಸುದ್ದಿಯೆಂದುಕೊಂಡು, ತಾನೂ ನಗುಮುಖ ಮಾಡಿಕೊಂಡಿದ್ದಳು. ಇಳಿದರೆ ಅವಳಿಗೆ ಮತ್ತೆ ತಿಂಗಳುಗಟ್ಟಲೆ ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡುವುದು. "ಇಲ್ಲ ಅಕ್ಕ," ಎಂದ, "ಇಳೀಬಾರ್ದು." ಅವಳ ನಗು ಏನು ಮಾಡಬೇಕೆಂದು ತೋಚದೆ ಹಾಗೇ ಉಳಿಯಿತು.

ಮುಳ್ಳು ನಿಂತಿತು. ನಿಯಮ ಕೊಟ್ಟ ಅವಕಾಶದ ಒಳಗೇ ನಿಂತಿತು, ಮತ್ತೆ ಇಳಿಯಲಿಲ್ಲ. ಬಿಸಿಲು ಕಂದಕದ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದಾಟುವವರೆಗೂ ಕಾದರು. ಜನ ಬೇಸರಗೊಂಡು ಒಳಗೆ ಹೋದರು. ಫಿಟ್ಟರು ಉಳಿದ ಟೀ ಕುಡಿದು ಮುಗಿಸಿದ. ಪೈಪು ಸರಿಯಾಗಿಯೇ ಇತ್ತು. ಮೊನ್ನೆಯೂ ಸರಿಯಾಗಿಯೇ ಇತ್ತು. ಅವನಿಗೆ ಒಂದು ಗಳಿಗೆ ನಿರಾಸೆಯಾಯಿತು. ಅದು ನಿರಾಸೆಯೇ, ಬೇರೆ ಹೆಸರಿಲ್ಲ ಎಂದು ಅವನು ತನಗೆ ಹೇಳಿಕೊಂಡ. ಅಕ್ಕನ ಬೀದಿಯ ಪೈಪು ಸೋರುವುದಿಲ್ಲವೆಂದು ಬೇಜಾರಾದ ಮನುಷ್ಯ. ಮುಳ್ಳು ಅಲುಗಿದ್ದರಲ್ಲಿ ಮೊನ್ನೆಯ ಕಾಕಿನ ಸತ್ಯ ಪೂರ್ತಿ ಇತ್ತು, ಆದರೆ ಅದನ್ನು ಓದಲು ಬರುತ್ತಿದ್ದದ್ದು ಅವನಿಗೊಬ್ಬನಿಗೆ. ಎಂಜಿನಿಯರ್ ಕಾಗದ ಮುಂದೆ ಹಿಡಿದು, "ಈಗ ಸಮಾಧಾನ ಆಯ್ತಾ ಸಾರ್?" ಎಂದ. ಸಿಟ್ಟಿರಲಿಲ್ಲ ಅವನಲ್ಲಿ, ದಣಿವಿತ್ತು. ಡಾಂಬರು ಆರಿಹೋಗಿ ಲಾರಿ ಆಗಲೇ ವಾಪಸು ಹೋಗಿತ್ತು. ಅವನು ಸಹಿ ಹಾಕಿದ. ಮೊನ್ನೆಯ ಸಹಿಗೂ ಇದಕ್ಕೂ ಒಂದು ಗೀಟಿನ ವ್ಯತ್ಯಾಸವೂ ಇರಲಿಲ್ಲ.

ಅಕ್ಕನ ಮನೆಯಲ್ಲಿ ಕೂತಾಗ ಅವಳು ನೀರು ಕೊಟ್ಟಳು, ಟ್ಯಾಂಕರಿನ ನೀರು. ತಳದಲ್ಲಿ ತುಕ್ಕಿನ ಕಣಗಳು ಕೂತಿದ್ದವು. "ಹಾಗಾದ್ರೆ ಮೊನ್ನೇನೂ ಸರಿ ಇತ್ತು ಅಂತಾಯ್ತು," ಎಂದಳು.

"ಸರಿ ಇತ್ತು. ಆದ್ರೆ ನನಗೆ ಗೊತ್ತಿರ್ಲಿಲ್ಲ ಅಕ್ಕ."

"ನಂಗೂ ಗೊತ್ತಿರ್ಲಿಲ್ಲ. ಆದ್ರೂ ನಿದ್ದೆ ಮಾಡಿದ್ನಲ್ಲ."

"ನೀನು ಸಹಿ ಹಾಕಿರ್ಲಿಲ್ಲ."

"ಚಿಕ್ಕೋನಾಗಿದ್ದಾಗಲೂ ಹೀಗೇ ಇದ್ದೆ. ಒಲೆ ಆರಿದೆಯಾ ನೋಡೋಕೆ ಹೋಗಿ, ಊದಿ ಊದಿ ಮತ್ತೆ ಹತ್ತಿಸಿ ಬರ್ತಿದ್ದೆ," ಎಂದು ನಕ್ಕಳು. ಪೂರ್ತಿ ಕ್ಷಮಿಸಿದ ನಗು ಅದಲ್ಲ. ನಾಳೆಯ ನೀರು ಹೋಗಿತ್ತು, ಬೀದಿಯಲ್ಲಿ ಅವಳ ಮಾತೂ ಸ್ವಲ್ಪ ಹೋಗಿತ್ತು. ಅವನು ಲೋಟ ತೊಳೆಯಲು ಎದ್ದು ಹಿತ್ತಲಿಗೆ ಹೋದ. ಗೋಡೆಯಲ್ಲಿ ಹೊಸ ನಲ್ಲಿ ಹೊಳೆಯುತ್ತಿತ್ತು, ಹಿತ್ತಾಳೆಯದು, ಪೂರ್ತಿ ತೆರೆದಿತ್ತು. ಕೆಳಗೆ ಖಾಲಿ ತಗಡಿನ ಬಕೆಟ್. ಕೈ ತಾನಾಗಿ ಮುಂದಕ್ಕೆ ಹೋಯಿತು.

"ಮುಟ್ಬೇಡ್ವೋ!" ಅಕ್ಕ ಹಿಂದಿನಿಂದ ಕೂಗಿದಳು. "ತೆರೆದೇ ಇರ್ಲಿ. ಯಾವಾಗ ಬಿಡ್ತಾರೋ ಏನೋ. ಬಂದ್ರೆ ಬಕೆಟ್ಟು ಸದ್ದು ಮಾಡತ್ತೆ, ನಂಗೆ ಎಚ್ಚರ ಆಗತ್ತೆ."

ಕೈ ಗಾಳಿಯಲ್ಲೇ ನಿಂತಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿನ ಜೇಬಿನೊಳಗೆ ಹಾಕಿಕೊಂಡ. ಬರ್ತೀನಿ ಅಕ್ಕ ಎಂದು ಹೇಳಿ ಬೀದಿಗೆ ಇಳಿದ. ಜೆಸಿಬಿ ಮತ್ತೆ ಮಣ್ಣು ತಳ್ಳುತ್ತಿತ್ತು. ಪೈಪು ಕಾಲುಭಾಗ, ಅರ್ಧಭಾಗ ಮರೆಯಾಗುತ್ತ ಬಂತು. ಬಸ್ ನಿಲ್ದಾಣದವರೆಗೂ ಜೇಬಿನೊಳಗಿನ ಮುಷ್ಟಿ ಬಿಚ್ಚಲಿಲ್ಲ. ಹಿಂದೆ, ಒಂದು ನಲ್ಲಿ ತೆರೆದೇ ಇತ್ತು.